ಹತ್ತು ವರ್ಷದಲ್ಲಿ ಐದೂವರೆ ಲಕ್ಷ ಜನ ಎಲ್ಲಿ ಹೋದರು?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ನಮ್ಮೂರು ವಡಗೇರಾ ಕಡೆಯ ಒಂದು ಹಳ್ಳಿ. ಪ್ರಬಂಧಕ್ಕೆ ಅಂಕಿ ಅಂಶ ಹುಡುಕುತ್ತಾ ಹೋದರೆ ತಲೆ ಕೆಟ್ಟು ಹೋಗಿದೆ. 2001ರ ಜನಗಣತಿಯಲ್ಲಿ ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ 31,30,922. 2011ರಲ್ಲಿ 25,66,326. ಎಲ್ಲಾ ಕಡೆ ಜನ ಜಾಸ್ತಿ ಆಗುವಾಗ ಇಲ್ಲಿ ಕಡಿಮೆ ಆಗಿದ್ದು ಹೇಗೆ? ಇನ್ನೊಂದು ಗೊಂದಲ. ಒಂದು ವರದಿಯಲ್ಲಿ ನಾವು ‘ಒಳನಾಡು ಉತ್ತರ’, ಇನ್ನೊಂದರಲ್ಲಿ ‘ಕಲಬುರಗಿ ವಿಭಾಗ’, ಕೃಷಿ ಪುಸ್ತಕದಲ್ಲಿ ‘ಈಶಾನ್ಯ ಒಣ ವಲಯ’, ಸರ್ಕಾರಿ ಆದೇಶದಲ್ಲಿ ‘ಕಲ್ಯಾಣ ಕರ್ನಾಟಕ’. ಇದರಲ್ಲಿ ನಮ್ಮ ಪ್ರದೇಶ ಯಾವುದು? ಇದನ್ನೆಲ್ಲ ಯಾರು, ಯಾವ ಲೆಕ್ಕದಲ್ಲಿ ಗುರುತಿಸುತ್ತಾರೆ?

ಉತ್ತರ: ಮೊದಲು ಆ ಐದೂವರೆ ಲಕ್ಷ ಜನರ ವಿಷಯ ಮುಗಿಸೋಣ. ಅವರು ಎಲ್ಲಿಯೂ ಹೋಗಿಲ್ಲ. ಅವರಲ್ಲಿ ನಿಮ್ಮ ಮನೆಯವರೂ ಇದ್ದಾರೆ.

2009ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಗುಲ್ಬರ್ಗಾದಿಂದ ಬೇರೆ ಮಾಡಿ ಯಾದಗಿರಿ ಜಿಲ್ಲೆ ಮಾಡಿತು. ರಾಜ್ಯದ 30ನೇ ಜಿಲ್ಲೆ. ಆದ್ದರಿಂದ 2011ರ ಪಟ್ಟಿಯಲ್ಲಿ ಕಾಣುವ ಗುಲ್ಬರ್ಗಾ ಜಿಲ್ಲೆ ಅಂದರೆ ಉಳಿದ ಏಳು ತಾಲ್ಲೂಕು ಮಾತ್ರ. ಹೆಸರು ಅದೇ, ನೆಲ ಬೇರೆ. ಹಳೆಯ ಜಿಲ್ಲೆಯ ವಿಸ್ತೀರ್ಣ 16,224 ಚದರ ಕಿಲೋಮೀಟರ್ ಇತ್ತು. ಅದರಲ್ಲಿ 5,273 ಯಾದಗಿರಿಗೆ ಹೋಯಿತು, 10,951 ಇಲ್ಲಿ ಉಳಿಯಿತು.

ಈಗ ಸರಿಯಾದ ಹೋಲಿಕೆ ಮಾಡಿ ನೋಡ್ರಿ. 2001ರ 31,30,922 ಜನರನ್ನು ಇವತ್ತಿನ ಗಡಿಯ ಪ್ರಕಾರ ಒಡೆದರೆ ಕಲಬುರಗಿಗೆ 21,74,742, ಯಾದಗಿರಿಗೆ 9,56,180 ಬರುತ್ತದೆ. 2011ರಲ್ಲಿ ಕಲಬುರಗಿ 25,66,326, ಯಾದಗಿರಿ 11,74,271. ಅಂದರೆ ಕಲಬುರಗಿ ಶೇ 18ರಷ್ಟು ಬೆಳೆದಿದೆ, ಯಾದಗಿರಿ ಶೇ 22.8ರಷ್ಟು. ಕಡಿಮೆ ಆಗಿದ್ದು ದೂರ ಉಳಿಯಿತು, ರಾಜ್ಯದಲ್ಲಿ ವೇಗವಾಗಿ ಬೆಳೆದ ಜಿಲ್ಲೆಗಳಲ್ಲಿ ನಿಮ್ಮದೂ ಒಂದು. ಹೀಗೆ ಹಳೆಯ ಸಂಖ್ಯೆಯನ್ನು ಹೊಸ ಗಡಿಗೆ ಹೊಂದಿಸಿ ಕೊಡುವ ಕೆಲಸವನ್ನು ಜನಗಣತಿ ಇಲಾಖೆಯೇ ಮಾಡುತ್ತದೆ. ಹತ್ತತ್ತು ವರ್ಷದ ಏರಿಳಿತ ತೋರಿಸುವ ಕೋಷ್ಟಕದಲ್ಲಿ ಅದು ಸಿಗುತ್ತದೆ. 2001ರ ಹಳೆಯ ಪುಸ್ತಕ ಒಂದು ಕೈಯಲ್ಲಿ, 2011ರ ಪುಸ್ತಕ ಇನ್ನೊಂದು ಕೈಯಲ್ಲಿ ಹಿಡಿದು ಸುಮ್ನೆ ಕಳೆದರೆ ಇಂಥ ಎಡವಟ್ಟು ಆಗುತ್ತದೆ.

ಇಲ್ಲಿ ದಿನಾಂಕದ ಮಾತೊಂದಿದೆ. ಜನಗಣತಿಗೆ ಮುಂಚೆ ದೇಶದ ಎಲ್ಲಾ ಜಿಲ್ಲೆ, ತಾಲ್ಲೂಕು, ಹಳ್ಳಿ, ಪಟ್ಟಣಗಳ ಗಡಿಯನ್ನು ಒಂದು ದಿನಕ್ಕೆ ಗಟ್ಟಿ ಮಾಡುತ್ತಾರೆ. ಆ ದಿನದ ನಂತರ ಸರ್ಕಾರ ಹೊಸ ಜಿಲ್ಲೆ ಮಾಡಿದರೂ ಆ ಜನಗಣತಿಯ ಲೆಕ್ಕಕ್ಕೆ ಬರುವುದಿಲ್ಲ. 2011ರ ಗಣತಿಗೆ ಆ ದಿನ 2009ರ ಡಿಸೆಂಬರ್ 31. ಯಾದಗಿರಿಯ ಅಧಿಸೂಚನೆ ಅದೇ ತಿಂಗಳ ಕೊನೆಯ ವಾರದ್ದು. ಕೆಲವೇ ದಿನ ತಡವಾಗಿದ್ದರೆ 2011ರ ಪುಸ್ತಕದಲ್ಲಿ ಯಾದಗಿರಿ ಎಂಬ ಜಿಲ್ಲೆಯೇ ಇರುತ್ತಿರಲಿಲ್ಲ. ಆಗ ಏನಾಗುತ್ತಿತ್ತು ಅಂತ ಯೋಚಿಸಿ. 2011ರಲ್ಲಿ ಕಲಬುರಗಿಯ ಸಾಕ್ಷರತೆ ಶೇ 64.85, ಯಾದಗಿರಿಯದು ಶೇ 51.83. ಎರಡನ್ನೂ ಒಂದೇ ಜಿಲ್ಲೆ ಅಂತ ಹಿಡಿದರೆ ಸರಾಸರಿ ಶೇ 61ರ ಆಸುಪಾಸಿಗೆ ಬರುತ್ತದೆ. ಓದು ಬರಹ ಬಲ್ಲವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿರುವ ಒಂದು ಜಿಲ್ಲೆ ಆ 61ರ ಒಳಗೆ ಕಾಣದೇ ಹೋಗುತ್ತಿತ್ತು. ಹಿಂದಿನ ಎಷ್ಟೋ ದಶಕ ಹಾಗೆ ಕಾಣದೇ ಹೋಗಿದೆ ಕೂಡ. ಗಡಿ ಹಾಕಿದ್ದರಿಂದ ಯಾದಗಿರಿಯಲ್ಲಿ ಒಂದು ಶಾಲೆಯೂ ತಾನಾಗಿ ಹುಟ್ಟಲಿಲ್ಲ, ನಿಜ. ಆದರೆ ರಾಜ್ಯದಲ್ಲಿ ಸಾಕ್ಷರತೆ ಅತಿ ಕಡಿಮೆ ಇರುವ ಜಿಲ್ಲೆ ಯಾವುದು ಅಂದಾಗ ಬೊಟ್ಟು ಮಾಡಿ ತೋರಿಸಲು ಒಂದು ಹೆಸರು, ಒಂದು ಸಂಖ್ಯೆ ಸಿಕ್ಕಿತು. ಅನುದಾನ ಕೇಳುವವರಿಗೆ ಅದು ದೊಡ್ಡ ಬಲ.

ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ನಮ್ಮ ಪ್ರದೇಶ ಯಾವುದು? ನೀವು ಬರೆದ ನಾಲ್ಕೂ ಸರಿ. ಪ್ರತಿಯೊಂದನ್ನೂ ಬೇರೆ ಬೇರೆ ಕೆಲಸಕ್ಕೆ, ಬೇರೆ ಬೇರೆ ಜನ ಗುರುತಿಸಿದ್ದಾರೆ. ಯಾವ ಕೆಲಸಕ್ಕೆ ಅಂತ ಗೊತ್ತಾದರೆ ಯಾವುದನ್ನು ಎಲ್ಲಿ ಬಳಸಬೇಕು ಅಂತಲೂ ಗೊತ್ತಾಗುತ್ತದೆ.

ಕಲಬುರಗಿ ವಿಭಾಗ ಅನ್ನುವುದು ಕಂದಾಯ ಆಡಳಿತದ್ದು. ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಅಂತ ನಾಲ್ಕು ವಿಭಾಗ. ಪ್ರಾದೇಶಿಕ ಆಯುಕ್ತರ ವ್ಯಾಪ್ತಿ ಅದು. ರಾಜ್ಯದ ವರದಿಗಳಲ್ಲಿ ವಿಭಾಗವಾರು ಅಂಕಿ ಅಂತ ಬರುವುದೆಲ್ಲ ಇದೇ.

ಕಲ್ಯಾಣ ಕರ್ನಾಟಕ ಅನ್ನುವುದಕ್ಕೆ ಸಂವಿಧಾನದ 371(ಜೆ) ವಿಧಿಯ ಬಲ ಇದೆ. 98ನೇ ತಿದ್ದುಪಡಿಯಿಂದ ಬಂದ ವಿಧಿ ಇದು. ಆಗ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಅಂತ ಆರು ಜಿಲ್ಲೆ. 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಆದ ಮೇಲೆ ಏಳು. ಜಿಲ್ಲೆಗಳು ಕಲಬುರಗಿ ವಿಭಾಗದವೇ, ಆದರೆ ಉದ್ದೇಶ ಬೇರೆ: ನೇಮಕಾತಿ, ಕಾಲೇಜು ಸೀಟು, ಅಭಿವೃದ್ಧಿ ಮಂಡಳಿಯ ಹಣ. ಇದನ್ನು ಹಳೆಯ ಹೈದರಾಬಾದ್ ಸಂಸ್ಥಾನದ ಭಾಗ ಅಂತ ಹಲವರು ತಿಳಿದಿದ್ದಾರೆ. ಪೂರ್ತಿ ಸರಿಯಲ್ಲ. ಬಳ್ಳಾರಿ ನಿಜಾಮರ ಆಳ್ವಿಕೆಯಲ್ಲಿ ಉಳಿಯಲಿಲ್ಲ, ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹರಪನಹಳ್ಳಿಯ ಕಥೆ ಇನ್ನೂ ವಿಚಿತ್ರ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, ಈಗ ವಿಜಯನಗರದಲ್ಲಿದೆ. ಊರು ಕೂತಲ್ಲೇ ಕೂತಿದೆ, ಪುಸ್ತಕದಲ್ಲಿ ಮೂರು ಜಿಲ್ಲೆ ಸುತ್ತಿದೆ. ನೀವು ಕಲ್ಯಾಣ ಕರ್ನಾಟಕದ ಸರಾಸರಿ ಆದಾಯ ಅಂತ ಬರೆದಾಗ ಅದರಲ್ಲಿ ತೋರಣಗಲ್ಲಿನ ಉಕ್ಕು, ಸಂಡೂರಿನ ಅದಿರಿನ ದುಡ್ಡೂ ಸೇರಿರುತ್ತದೆ. ತಲಾ ಆದಾಯದ ಜಿಲ್ಲಾವಾರು ಪಟ್ಟಿಯಲ್ಲಿ ಕಲಬುರಗಿ, ಯಾದಗಿರಿ ಕೆಳಗಿನ ಸಾಲುಗಳಲ್ಲೇ ಇರುತ್ತವೆ. ಬಳ್ಳಾರಿಯನ್ನು ಸೇರಿಸಿ ಸರಾಸರಿ ತೆಗೆದರೆ ಅವುಗಳ ಬಡತನ ಒಂದಿಷ್ಟು ಮಸುಕಾಗುತ್ತದೆ. ಹಾಗಂತ ಬಳ್ಳಾರಿಯನ್ನು ಸೇರಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೂಡ್ಲಿಗಿಯ ಕಷ್ಟ ಜೇವರ್ಗಿಯ ಕಷ್ಟಕ್ಕಿಂತ ಕಡಿಮೆ ಇಲ್ಲ. ಸರಾಸರಿ ಬರೆಯುವಾಗ ಪಕ್ಕದಲ್ಲಿ ಜಿಲ್ಲಾವಾರು ಸಂಖ್ಯೆಯನ್ನೂ ಕೊಡಬೇಕು, ಅಷ್ಟೇ.

ಈಶಾನ್ಯ ಒಣ ವಲಯ ಕೃಷಿಯವರದ್ದು. ಮಳೆ, ಮಣ್ಣು, ಎತ್ತರ, ಬೆಳೆ ನೋಡಿ ರಾಜ್ಯವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ಮಾಡಿದ್ದಾರೆ. ಇದಕ್ಕೆ ಜಿಲ್ಲೆಯ ಗಡಿ ಲೆಕ್ಕಕ್ಕಿಲ್ಲ. ಬೀದರ್ ಜಿಲ್ಲೆ ಪೂರ್ತಿ ಮತ್ತು ಕಲಬುರಗಿಯ ಆಳಂದ, ಚಿಂಚೋಳಿ ಸೇರಿ ಮೊದಲನೇ ವಲಯ, ಅದಕ್ಕೆ ಈಶಾನ್ಯ ಸಂಕ್ರಮಣ ವಲಯ ಅಂತ ಹೆಸರು. ಚಿತ್ತಾಪುರ, ಸೇಡಂ, ಜೇವರ್ಗಿ, ಅಫಜಲಪುರ, ಯಾದಗಿರಿ, ಶಹಾಪುರ ಎರಡನೇ ವಲಯ, ಅದೇ ಒಣ ವಲಯ. ಬೀದರ್ ಕಡೆ ಸೋಯಾ ಅಷ್ಟು ಚೆನ್ನಾಗಿ ಬರುವುದಕ್ಕೂ, ಈ ಕಡೆ ತೊಗರಿಯನ್ನೇ ನಂಬಿ ಕೂರುವುದಕ್ಕೂ ಕಾರಣ ಹುಡುಕಬೇಕಾದರೆ ಇದೇ ನಕ್ಷೆ ಬೇಕು. ಜನಸಂಖ್ಯೆಗೂ ಆಸ್ಪತ್ರೆಗೂ ಇದು ಉಪಯೋಗಕ್ಕೆ ಬರುವುದಿಲ್ಲ.

ಇನ್ನು ‘ಒಳನಾಡು ಉತ್ತರ’. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಜವಾಗಿ ಅಂಕಿ ಅಂಶಕ್ಕಾಗಿಯೇ ಗುರುತಿಸಿದ ಪ್ರದೇಶ ಅಂದರೆ ಇದೊಂದೇ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಕುಟುಂಬದ ಖರ್ಚು, ಉದ್ಯೋಗ, ಸಾಲ ಇಂಥದ್ದನ್ನು ಅಳೆಯುತ್ತಾರೆ. ಎಲ್ಲರ ಮನೆಗೂ ಹೋಗುವುದಿಲ್ಲ, ಆಯ್ದ ಹಳ್ಳಿಗಳ ಆಯ್ದ ಮನೆಗಳಿಗೆ ಮಾತ್ರ. ರಾಜ್ಯದೊಳಗೆ ಬೇಸಾಯ, ಹವಾಮಾನ, ಜನಸಾಂದ್ರತೆ ಒಂದೇ ರೀತಿ ಇರುವ ಜಿಲ್ಲೆಗಳನ್ನು ಗುಂಪು ಮಾಡಿ ಅದನ್ನು ಒಂದು ಪ್ರದೇಶ ಅನ್ನುತ್ತಾರೆ. ಕರ್ನಾಟಕಕ್ಕೆ ಅಂಥವು ನಾಲ್ಕು: ಕರಾವಳಿ ಮತ್ತು ಘಟ್ಟ, ಒಳನಾಡು ಪೂರ್ವ, ಒಳನಾಡು ದಕ್ಷಿಣ, ಒಳನಾಡು ಉತ್ತರ. ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳು ಬೆಳಗಾವಿ, ಧಾರವಾಡ, ವಿಜಯಪುರದ ಜೊತೆ ಒಳನಾಡು ಉತ್ತರದಲ್ಲಿವೆ.

ಧಾರವಾಡವೂ ಯಾದಗಿರಿಯೂ ಒಂದೇ ಗುಂಪಿನಲ್ಲಿ ಯಾಕೆ ಅಂತ ನೀವು ಕೇಳಬಹುದು. ಕೇಳಲೇಬೇಕು. ಉತ್ತರ ಇರುವುದು ಮಾದರಿಯ ಗಾತ್ರದಲ್ಲಿ. ಒಂದು ಜಿಲ್ಲೆಯಲ್ಲಿ ಬೆರಳೆಣಿಕೆಯ ಹಳ್ಳಿಗಳು ಮಾತ್ರ ಆಯ್ಕೆಯಾಗಿರುತ್ತವೆ ಅಂತಿಟ್ಟುಕೊಳ್ಳಿ. ಅದರಲ್ಲಿ ಒಂದೆರಡು ಹಳ್ಳಿ ಕಾಲುವೆ ನೀರಾವರಿಯವು ಆಗಿಬಿಟ್ಟರೆ ಇಡೀ ಜಿಲ್ಲೆ ಅನುಕೂಲಸ್ಥ ಅಂತ ಕಾಣುತ್ತದೆ. ಒಣ ಬೇಸಾಯದ ಹಳ್ಳಿಗಳೇ ಬಂದರೆ ಇಡೀ ಜಿಲ್ಲೆ ಬಡವ ಅಂತ ಕಾಣುತ್ತದೆ. ಎರಡೂ ನಂಬಲಾಗದ ಸಂಖ್ಯೆ. ಜಿಲ್ಲೆಗಳನ್ನು ಗುಂಪು ಮಾಡಿದರೆ ಹಳ್ಳಿಗಳು ಜಾಸ್ತಿ ಆಗುತ್ತವೆ, ಸಂಖ್ಯೆ ಗಟ್ಟಿಯಾಗುತ್ತದೆ. ಆದರೆ ಗುಂಪು ದೊಡ್ಡದಾದಷ್ಟೂ ಒಳಗಿನ ವ್ಯತ್ಯಾಸ ಮುಚ್ಚಿಹೋಗುತ್ತದೆ. ಚಿಕ್ಕದು ಮಾಡಿದರೆ ಸಂಖ್ಯೆ ಅಲುಗಾಡುತ್ತದೆ, ದೊಡ್ಡದು ಮಾಡಿದರೆ ಮನುಷ್ಯರು ಕಾಣೆಯಾಗುತ್ತಾರೆ. ಈ ಎಳೆದಾಟಕ್ಕೆ ಪೂರ್ತಿ ಪರಿಹಾರ ಇಲ್ಲ, ಇರುವ ಒಂದೇ ದಾರಿ ಅಂದರೆ ಹೆಚ್ಚು ಮನೆಗಳಿಗೆ ಹೋಗುವುದು, ಅದಕ್ಕೆ ದುಡ್ಡು ಖರ್ಚು ಮಾಡುವುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2015-16ರ ಸುತ್ತಿನಿಂದ ಮಾದರಿಯನ್ನು ಹಿಗ್ಗಿಸಿ ಜಿಲ್ಲಾ ಮಟ್ಟದ ಅಂಕಿ ಕೊಡಲು ಶುರು ಮಾಡಿದ್ದು ಹಾಗೆ. ಮಕ್ಕಳ ಅಪೌಷ್ಟಿಕತೆ, ಹೆಂಗಸರ ರಕ್ತಹೀನತೆ ಬಗ್ಗೆ ಯಾದಗಿರಿಯದ್ದೇ ಸಂಖ್ಯೆ ಇಂದು ಸಿಗುತ್ತಿದ್ದರೆ ಕಾರಣ ಇದು. ಕಾರ್ಮಿಕ ಬಲದ ಸಮೀಕ್ಷೆಯಲ್ಲೂ 2025ರ ಜನವರಿಯಿಂದ ಮಾದರಿ ಆಯ್ಕೆಗೆ ಬಹುಪಾಲು ಕಡೆ ಜಿಲ್ಲೆಯನ್ನೇ ಮೂಲ ಘಟಕ ಮಾಡಿದ್ದಾರೆ. ಇದು ಒಳ್ಳೆಯ ಬೆಳವಣಿಗೆ ಅಂತ ನಾನು ಮನಸಾರೆ ಹೇಳುತ್ತೇನೆ.

ಬೇರೆ ದೇಶದವರು ಇದನ್ನು ಹೇಗೆ ಮಾಡುತ್ತಾರೆ ಅಂತ ನೋಡಿದರೆ ನಮ್ಮದರ ಕೊರತೆ ಇನ್ನೂ ಚೆನ್ನಾಗಿ ಕಾಣುತ್ತದೆ. ಯುರೋಪ್ ಒಕ್ಕೂಟದಲ್ಲಿ ‘ನಟ್ಸ್’ ಅಂತ ಒಂದು ವ್ಯವಸ್ಥೆ ಇದೆ. 2003ರಲ್ಲಿ ಅದಕ್ಕೆ ಕಾನೂನನ್ನೇ ಮಾಡಿದರು. ಮೂರು ಮಟ್ಟ. ಮೊದಲನೆಯದಕ್ಕೆ 30 ಲಕ್ಷದಿಂದ 70 ಲಕ್ಷ ಜನ, ಎರಡನೆಯದಕ್ಕೆ 8 ಲಕ್ಷದಿಂದ 30 ಲಕ್ಷ, ಮೂರನೆಯದಕ್ಕೆ ಒಂದೂವರೆ ಲಕ್ಷದಿಂದ 8 ಲಕ್ಷ. ಆದಷ್ಟು ಆಯಾ ದೇಶದ ಆಡಳಿತ ಗಡಿಗಳನ್ನೇ ಬಳಸುತ್ತಾರೆ. ಗಾತ್ರ ಹೊಂದದಿದ್ದರೆ ಅಕ್ಕಪಕ್ಕದವನ್ನು ಕೂಡಿಸಿ ಲೆಕ್ಕಕ್ಕಾಗಿ ಮಾತ್ರ ಒಂದು ಪ್ರದೇಶ ಮಾಡುತ್ತಾರೆ. ಮೂರು ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ಗಡಿ ಬದಲಿಸುವಂತಿಲ್ಲ. ಆ ಅಳತೆಯಲ್ಲಿ ನೋಡಿದರೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಎರಡನೇ ಮಟ್ಟದ ಪ್ರದೇಶಗಳು. ಅಂದರೆ ನಾವು ‘ಜಿಲ್ಲೆ’ ಅಂತ ಕರೆಯುವುದು ಅಲ್ಲಿಯವರಿಗೆ ದೊಡ್ಡ ಪ್ರದೇಶ, ಅದರೊಳಗೆ ಇನ್ನೂ ಒಂದು ಮಟ್ಟದ ಲೆಕ್ಕ ಅವರಿಗೆ ಇದೆ.

ಅಲ್ಲಿಯೂ ಗಡಿಯ ಹಿಂದೆ ಹಣದ ಪ್ರಶ್ನೆ ಇದೆ. ಎರಡನೇ ಮಟ್ಟದ ಪ್ರದೇಶದ ತಲಾ ಉತ್ಪನ್ನ ಒಕ್ಕೂಟದ ಸರಾಸರಿಯ ಶೇ 75ಕ್ಕಿಂತ ಕಡಿಮೆ ಇದ್ದರೆ ಜಾಸ್ತಿ ನೆರವು ಸಿಗುತ್ತದೆ. ಐರ್ಲೆಂಡ್ ಮೊದಲು ಇಡೀ ದೇಶ ಒಂದೇ ಪ್ರದೇಶ ಆಗಿತ್ತು. ಡಬ್ಲಿನ್ ಕಡೆ ಶ್ರೀಮಂತಿಕೆ ಬಂದು ಸರಾಸರಿ ಮೇಲೆ ಹೋಯಿತು, ನೆರವು ಕೈತಪ್ಪುವ ಹಾಗಾಯಿತು. 1999ರಲ್ಲಿ ದೇಶವನ್ನು ಎರಡು ಪ್ರದೇಶ ಮಾಡಿದರು, ಹಿಂದುಳಿದ ಪಶ್ಚಿಮ ಭಾಗಕ್ಕೆ ಪೂರ್ತಿ ನೆರವು ಉಳಿಯಿತು. ಹಂಗೆರಿಯೂ ಬುಡಾಪೆಸ್ಟ್ ನಗರವನ್ನು ಅದರ ಸುತ್ತಲಿನ ಪ್ರದೇಶದಿಂದ ಬೇರೆ ಮಾಡಿತು. ರಾಜಧಾನಿಯ ದುಡ್ಡು ಪಕ್ಕದ ಹಳ್ಳಿಯ ಬಡತನವನ್ನು ಮುಚ್ಚಬಾರದು ಅನ್ನುವುದು ನ್ಯಾಯವೇ. ಬೆಂಗಳೂರನ್ನು ಸೇರಿಸಿ ಕರ್ನಾಟಕ ಶ್ರೀಮಂತ ರಾಜ್ಯ ಅಂತ ದೆಹಲಿಯಲ್ಲಿ ಲೆಕ್ಕ ಹಾಕಿದಾಗ ನಮ್ಮ ಕಡೆಯವರಿಗೆ ಆಗುವುದೂ ಅದೇ ಅಲ್ವಾ?

ನಮ್ಮಲ್ಲಿ ಈ ದಿಕ್ಕಿನಲ್ಲಿ ಗಂಭೀರವಾಗಿ ಯೋಚಿಸಿದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2002ರಲ್ಲಿ ವರದಿ ಕೊಟ್ಟಿತು. ಅದರ ದೊಡ್ಡ ಗುಣ ಅಂದರೆ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕ ಮಾಡಿಕೊಂಡಿದ್ದು. ಕೃಷಿ, ಕೈಗಾರಿಕೆ, ರಸ್ತೆ, ಶಾಲೆ, ಆಸ್ಪತ್ರೆ, ಬ್ಯಾಂಕ್ ಹೀಗೆ 35 ಸೂಚಕ ಹಿಡಿದು ಆಗಿನ 175 ತಾಲ್ಲೂಕುಗಳಿಗೆ ಅಂಕ ಕೊಟ್ಟರು. 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ಉತ್ತರ ಕರ್ನಾಟಕ ಹಿಂದುಳಿದಿದೆ ಅಂತ ಬಾಯಿಮಾತಿನಲ್ಲಿ ಹೇಳುತ್ತಿದ್ದುದಕ್ಕೆ ತಾಲ್ಲೂಕುವಾರು ಲೆಕ್ಕ ಸಿಕ್ಕಿದ್ದು ಆಗ. ದಕ್ಷಿಣದಲ್ಲೂ ಅತ್ಯಂತ ಹಿಂದುಳಿದ ತಾಲ್ಲೂಕುಗಳಿವೆ ಅನ್ನುವುದೂ ಅದೇ ವರದಿಯಿಂದ ಗೊತ್ತಾಯಿತು, ಜಿಲ್ಲಾ ಸರಾಸರಿಯಲ್ಲಿ ಅವು ಕಾಣುತ್ತಿರಲಿಲ್ಲ.

ಆದರೆ ಈಗ ಆ ಪಟ್ಟಿಯನ್ನು ಹಾಗೇ ಎತ್ತಿಕೊಂಡರೆ ನಿಮ್ಮ ಪ್ರಬಂಧ ಮುಗ್ಗರಿಸುತ್ತದೆ. ತಾಲ್ಲೂಕುಗಳೇ ಬದಲಾಗಿವೆ. ಕಲಬುರಗಿ ಜಿಲ್ಲೆಯಲ್ಲಿ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಹೊಸದಾಗಿ ಬಂದು ಏಳು ಇದ್ದಿದ್ದು ಹನ್ನೊಂದಾಯಿತು. ಬೀದರ್‌ನಲ್ಲಿ ಹುಲಸೂರು, ಚಿಟಗುಪ್ಪ, ಕಮಲನಗರ ಬಂದು ಐದು ಎಂಟಾಯಿತು. ಯಾದಗಿರಿಯಲ್ಲಿ ಗುರುಮಠಕಲ್, ಹುಣಸಗಿ ಮತ್ತು ನಿಮ್ಮ ವಡಗೇರಾ ಬಂದು ಮೂರು ಇದ್ದಿದ್ದು ಆರಾಯಿತು. 2011ರ ಜನಗಣತಿಯಲ್ಲಿ ವಡಗೇರಾ ತಾಲ್ಲೂಕು ಅಂತ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಹಳ್ಳಿ ಅಲ್ಲಿ ಶಹಾಪುರ ತಾಲ್ಲೂಕಿನ ಪಟ್ಟಿಯಲ್ಲಿರುತ್ತದೆ.

ಎಲ್ಲಕ್ಕಿಂತ ಕೆಳಗಿನ ಮಟ್ಟದಲ್ಲಿ ಏನಾಗುತ್ತದೆ ಅಂತ ಹೇಳದಿದ್ದರೆ ಈ ಉತ್ತರ ಅರ್ಧಕ್ಕೇ ನಿಂತಂತೆ. ಜನಗಣತಿಯಲ್ಲಿ ಹಳ್ಳಿ ಅಂದರೆ ಕಂದಾಯ ಗ್ರಾಮ. ಗ್ರಾಮ ನಕ್ಷೆ, ಸರ್ವೆ ನಂಬರ್ ಇರುವ ಹಳ್ಳಿ. ಒಬ್ಬರೂ ವಾಸ ಇಲ್ಲದ ಬೇಚಿರಾಕ್ ಗ್ರಾಮಕ್ಕೂ ಅಲ್ಲಿ ಒಂದು ಸಾಲು ಇರುತ್ತದೆ. ಆದರೆ ನೂರಾರು ಮನೆ ಇರುವ ಲಂಬಾಣಿ ತಾಂಡಾಕ್ಕೆ ಸಾಲು ಇರುವುದಿಲ್ಲ, ಅದು ಕಂದಾಯ ಗ್ರಾಮ ಆಗಿರದಿದ್ದರೆ. ಅಲ್ಲಿಯ ಜನರನ್ನು ಎಣಿಸುತ್ತಾರೆ, ಬಿಡುವುದಿಲ್ಲ. ಆದರೆ ಆ ಎಣಿಕೆ ಮೂಲ ಹಳ್ಳಿಯ ಸಂಖ್ಯೆಯಲ್ಲಿ ಕರಗಿಹೋಗುತ್ತದೆ. ಹಳ್ಳಿಗೆ ಪ್ರಾಥಮಿಕ ಶಾಲೆ ಇದೆ, ನಲ್ಲಿ ನೀರು ಇದೆ, ಬಸ್ ಬರುತ್ತದೆ ಅಂತ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಇರುತ್ತದೆ. ಮೂರು ಕಿಲೋಮೀಟರ್ ಆಚೆಯ ತಾಂಡಾದಲ್ಲಿ ಇದ್ಯಾವುದೂ ಇಲ್ಲದಿದ್ದರೂ ಪುಸ್ತಕದ ಪ್ರಕಾರ ಅವರಿಗೂ ಎಲ್ಲಾ ಇದ್ದ ಹಾಗೆ. ನಮ್ಮ ಮೂರೂ ಜಿಲ್ಲೆಯಲ್ಲಿ ತಾಂಡಾಗಳು ಎಷ್ಟಿವೆ ಅಂತ ನಿಮಗೆ ಗೊತ್ತು. ಇದು ಸಣ್ಣ ಲೋಪ ಅಲ್ಲ. ತಲೆತಲಾಂತರದಿಂದ ಒಂದು ಸಮುದಾಯದ ಊರುಗಳೇ ಲೆಕ್ಕದಲ್ಲಿ ಊರಾಗಿರಲಿಲ್ಲ.

ಇದು ಈಗ ಬದಲಾಗುತ್ತಿದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ಸುಮಾರು 1,475 ದಾಖಲೆ ಇಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಅಂತ ಘೋಷಿಸಿದರು. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ಹಕ್ಕುಪತ್ರ ಹಂಚಿದ್ದು ಇದರ ಭಾಗವಾಗಿಯೇ. ಜನ ಅದನ್ನು ಮನೆ ಹಕ್ಕಿನ ವಿಷಯ ಅಂತ ನೋಡಿದರು, ಅದು ಸರಿಯೇ. ಅಂಕಿ ಅಂಶದವರಿಗೆ ಅದು ಇನ್ನೂ ಒಂದು ಅರ್ಥ ಕೊಡುತ್ತದೆ. ಮುಂದಿನ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಅದಕ್ಕಾಗಿ ಗಡಿ ಗಟ್ಟಿ ಮಾಡಲು ಗೊತ್ತು ಮಾಡಿದ ದಿನ 2025ರ ಡಿಸೆಂಬರ್ 31. ಆ ದಿನದೊಳಗೆ ಕಾಗದದಲ್ಲಿ ಪಕ್ಕಾ ಕಂದಾಯ ಗ್ರಾಮ ಆಗಿರುವ ತಾಂಡಾಗಳಿಗೆ ಮೊದಲ ಸಲ ತಮ್ಮದೇ ಸಾಲು ಬರಬೇಕು: ಎಷ್ಟು ಜನ, ಎಷ್ಟು ಮಕ್ಕಳು, ಎಷ್ಟು ಜನಕ್ಕೆ ಓದು ಬರುತ್ತದೆ, ನೀರು ಎಲ್ಲಿಂದ. ಜೊತೆಗೆ ಮೂಲ ಹಳ್ಳಿಗಳ ಜನಸಂಖ್ಯೆ 2011ಕ್ಕಿಂತ ದಿಢೀರ್ ಅಂತ ಇಳಿದ ಹಾಗೆ ಕಾಣಬಹುದು. ಆಗ ಯಾರಾದರೂ ಜನ ಗುಳೆ ಹೋಗಿ ಊರು ಖಾಲಿಯಾಯಿತು ಅಂತ ಬರೆದರೆ, ದಯವಿಟ್ಟು ನೀವು ಎದ್ದು ನಿಂತು ಗಡಿ ನೋಡಿ ಅಂತ ಹೇಳಿ.

ಪಟ್ಟಣದ ವಿಷಯದಲ್ಲೂ ಹೀಗೇ. ಪಾಲಿಕೆ, ನಗರಸಭೆ, ಪುರಸಭೆ ಇದ್ದರೆ ಕಾನೂನಿನ ಪ್ರಕಾರ ಪಟ್ಟಣ. ಅದು ಇಲ್ಲದಿದ್ದರೂ ಮೂರು ಷರತ್ತು ತುಂಬಿದರೆ ಜನಗಣತಿಯವರು ಆ ಹಳ್ಳಿಯನ್ನು ಗಣತಿ ಪಟ್ಟಣ ಅಂತ ಎಣಿಸುತ್ತಾರೆ. ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400 ಜನ, ಮತ್ತು ‘ಮುಖ್ಯ ದುಡಿಮೆಗಾರರು’ ಅಂತ ಗಣತಿಯಲ್ಲಿ ಎಣಿಸಿದ ಗಂಡಸರಲ್ಲಿ ಶೇ 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ ಇರುವ ಸೇಡಂ, ಚಿತ್ತಾಪುರ ಕಡೆ ಇದು ನಿಜವಾದ ಪ್ರಶ್ನೆ. ಒಂದು ಊರಿನಲ್ಲಿ 6,000 ಜನ, 15 ಚದರ ಕಿಲೋಮೀಟರ್, ದುಡಿಯುವ ಗಂಡಸರು 1,600, ಅವರಲ್ಲಿ 1,200 ಜನ ಕಾರ್ಖಾನೆ, ಗಣಿ, ಅಂಗಡಿಗಳಲ್ಲಿ ಅಂತಿಟ್ಟುಕೊಳ್ಳಿ. ಸರಿಯಾಗಿ ಗೆರೆಯ ಮೇಲಿದೆ, ಪಟ್ಟಣ. ಹತ್ತು ಜನ ಹೊಲಕ್ಕೆ ವಾಪಸ್ ಹೋದರೆ ಹಳ್ಳಿ. ಷರತ್ತಿನಲ್ಲಿ ಗಂಡಸರನ್ನು ಮಾತ್ರ ಎಣಿಸುತ್ತಾರೆ ಅನ್ನುವುದನ್ನು ಗಮನಿಸಿ. ಗಂಡಸರು ಗಣಿಗೆ, ಹೆಂಗಸರು ತೊಗರಿ ಹೊಲಕ್ಕೆ ಹೋಗುವ ಊರಿನ ಅರ್ಧ ದುಡಿಮೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಇದು ಬದಲಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2001ರಲ್ಲಿ ದೇಶದಲ್ಲಿ 1,362 ಗಣತಿ ಪಟ್ಟಣ ಇದ್ದವು, 2011ರಲ್ಲಿ 3,894. ಅವುಗಳಿಗೆ ಪುಸ್ತಕದಲ್ಲಿ ಪಟ್ಟಣ ಅಂತ ಹೆಸರು, ಆಡಳಿತ ಮಾತ್ರ ಗ್ರಾಮ ಪಂಚಾಯಿತಿಯದ್ದು. ಇನ್ನು ಕಲಬುರಗಿ ನಗರದ ಜನಸಂಖ್ಯೆ ಒಂದು ಕಡೆ 5,33,587, ಇನ್ನೊಂದು ಕಡೆ 5,43,147 ಅಂತ ಕಂಡರೆ ಗಾಬರಿ ಬೇಡ. ಮೊದಲನೆಯದು ಪಾಲಿಕೆ, ಎರಡನೆಯದು ಅಂಟಿಕೊಂಡು ಬೆಳೆದ ಭಾಗವನ್ನೂ ಸೇರಿಸಿದ ನಗರ ಸಮೂಹ.

ಗಡಿ ಅನ್ನುವುದು ಓದುವವರ ಚಿಂತೆ, ರೈತನಿಗೇನು ಅಂತ ಯಾರಾದರೂ ಕೇಳಿದರೆ ಬೆಳೆ ವಿಮೆಯ ಉದಾಹರಣೆ ಕೊಡಿ. ಫಸಲ್ ಬಿಮಾದಲ್ಲಿ ಸಾಮಾನ್ಯವಾಗಿ ನಿಮ್ಮ ಒಬ್ಬರ ಹೊಲದ ಇಳುವರಿ ನೋಡಿ ಪರಿಹಾರ ಕೊಡುವುದಿಲ್ಲ, ಒಂದು ಘಟಕದ ಸರಾಸರಿ ನೋಡುತ್ತಾರೆ. ಮುಖ್ಯ ಬೆಳೆಗೆ ಘಟಕ ಗ್ರಾಮ ಪಂಚಾಯಿತಿ, ಉಳಿದ ಬೆಳೆಗೆ ಹೋಬಳಿ. ಆಯ್ದ ಸರ್ವೆ ನಂಬರ್‌ಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಒಂದು ಪಂಚಾಯಿತಿಗೆ ಕನಿಷ್ಠ ನಾಲ್ಕು, ಆ ಸರಾಸರಿ ತೆಗೆಯುತ್ತಾರೆ. ಮೊದಲೇ ನಿಗದಿಯಾದ ಇಳುವರಿ ಮಟ್ಟಕ್ಕಿಂತ ಅದು ಎಷ್ಟು ಕೆಳಗಿದೆಯೋ ಅಷ್ಟು ಪರಿಹಾರ. ಲೆಕ್ಕಕ್ಕೆ ಹೇಳುತ್ತೇನೆ, ನಿಗದಿಯಾದ ಮಟ್ಟ ಹೆಕ್ಟೇರಿಗೆ 5 ಕ್ವಿಂಟಲ್ ಅನ್ನಿ. ಹೋಬಳಿಯ ಅರ್ಧ ಭಾಗದಲ್ಲಿ ಮಳೆ ಕೈಕೊಟ್ಟು 2 ಕ್ವಿಂಟಲ್ ಬಂತು, ಇನ್ನರ್ಧದಲ್ಲಿ 8 ಬಂತು. ಹೋಬಳಿ ಘಟಕ ಆದರೆ ಸರಾಸರಿ 5, ಯಾರಿಗೂ ಒಂದು ರೂಪಾಯಿ ಇಲ್ಲ. ಪಂಚಾಯಿತಿ ಘಟಕ ಆದರೆ ಸೋತ ಪಂಚಾಯಿತಿಯ ರೈತನಿಗೆ ವಿಮಾ ಮೊತ್ತದ ಶೇ 60. ಮಳೆ ಅದೇ, ಬೆಳೆ ಅದೇ, ಕಟ್ಟಿದ ಕಂತೂ ಅದೇ. ಬೇರೆ ಆಗಿದ್ದು ಗೆರೆ ಮಾತ್ರ. ಕಪ್ಪು ಮಣ್ಣಿನ ಹೊಲದಲ್ಲಿ ನೀರು ನಿಂತು ಒಂದೇ ಹೋಬಳಿಯೊಳಗೆ ತೊಗರಿ ಒಂದು ಕಡೆ ಉಳಿದು ಇನ್ನೊಂದು ಕಡೆ ಪೂರ್ತಿ ಹೋಗುವುದನ್ನು ನಮ್ಮ ಕಡೆಯವರು ಎಷ್ಟು ಸಲ ನೋಡಿಲ್ಲ?

ರಾಜ್ಯದ ಗಡಿಯಿಂದ ಆಗುವ ತೊಂದರೆಯನ್ನೂ ಮರೆಯಬೇಡಿ. ಬೀದರ್‌ನವರು ದೊಡ್ಡ ಆಸ್ಪತ್ರೆಗೆ ಹೈದರಾಬಾದಿಗೆ ಹೋಗುತ್ತಾರೆ, ಆಳಂದ ಕಡೆಯವರು ಸೊಲ್ಲಾಪುರಕ್ಕೆ, ಗುರುಮಠಕಲ್ ಕಡೆಯವರು ನಾರಾಯಣಪೇಟೆಗೆ. 1956ಕ್ಕಿಂತ ಮುಂಚೆ ಜಹೀರಾಬಾದ್, ಉದಗೀರ್, ನಿಲಂಗಾ ಎಲ್ಲ ಬೀದರ್ ಜಿಲ್ಲೆಯಲ್ಲೇ ಇದ್ದವು. ತಾಂಡೂರು, ಕೊಡಂಗಲ್ ಗುಲ್ಬರ್ಗಾದಲ್ಲಿ. ರಾಜ್ಯ ಪುನರ್ವಿಂಗಡಣೆ ಗೆರೆ ಎಳೆಯಿತು, ಸಂತೆ, ಸಂಬಂಧ, ಆಸ್ಪತ್ರೆಯ ದಾರಿ ಹಾಗೇ ಉಳಿಯಿತು. ಅಮೆರಿಕದಲ್ಲಿ ಮಹಾನಗರ ಪ್ರದೇಶವನ್ನು ಗುರುತಿಸುವಾಗ ಎಷ್ಟು ಜನ ಕೆಲಸಕ್ಕೆ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ನೋಡುತ್ತಾರೆ. ಪಕ್ಕದ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಘಟಕದಲ್ಲಿ, ವಾಸ ಇರುವ ದುಡಿಮೆಗಾರರಲ್ಲಿ ಶೇ 25 ಮಂದಿ ಆ ಮುಖ್ಯ ನಗರಕ್ಕೆ ಓಡಾಡಿದರೆ ರಾಜ್ಯದ ಗಡಿ ದಾಟಿಯೂ ಸೇರಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ, ನಮ್ಮ ಕೋಷ್ಟಕಗಳು ಗಡಿ ಬಂದ ಕೂಡಲೇ ನಿಲ್ಲುತ್ತವೆ. ತೆಲಂಗಾಣದ ಜೊತೆ ಹೋಲಿಸುತ್ತೀರಾದರೆ ಅಲ್ಲಿ 10 ಜಿಲ್ಲೆ ಇದ್ದಿದ್ದು 2016ರಲ್ಲಿ 31, 2019ರಲ್ಲಿ 33 ಆಗಿದೆ ಅನ್ನುವುದು ತಲೆಯಲ್ಲಿರಲಿ.

ಹಾಗಾದರೆ ಪ್ರಬಂಧಕ್ಕೆ ನೀವು ಏನು ಮಾಡಬೇಕು? ಜನಸಂಖ್ಯೆ, ಸಾಕ್ಷರತೆಗೆ ಜನಗಣತಿಯ ಜಿಲ್ಲೆ ಮತ್ತು ಹಳ್ಳಿ ಮಟ್ಟದ ಪಟ್ಟಿ. ಕುಟುಂಬದ ಖರ್ಚಿಗೆ ಒಳನಾಡು ಉತ್ತರ. ಬೆಳೆಗೆ ಕೃಷಿ ವಲಯ. 371(ಜೆ) ಪರಿಣಾಮದ ಬಗ್ಗೆ ಬರೆಯುವುದಾದರೆ ಮಾತ್ರ ಕಲ್ಯಾಣ ಕರ್ನಾಟಕ. ವಡಗೇರಾ ತಾಲ್ಲೂಕಿನ 2011ರ ಅಂಕಿ ಬೇಕೇ ಬೇಕು ಅಂದರೆ ಹೊಸ ತಾಲ್ಲೂಕಿನ ಅಧಿಸೂಚನೆಯಲ್ಲಿರುವ ಹಳ್ಳಿಗಳ ಪಟ್ಟಿ ತೆಗೆದುಕೊಳ್ಳಿ, ಒಂದೊಂದನ್ನೂ 2011ರ ಶಹಾಪುರ ತಾಲ್ಲೂಕಿನ ಪಟ್ಟಿಯಲ್ಲಿ ಹುಡುಕಿ ಕೂಡಿಸಿ. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ. ಹೆಸರು ನೋಡಿ ಹೊಂದಿಸಬೇಡಿ, ಕೋಡ್ ನೋಡಿ ಹೊಂದಿಸಿ. ಒಂದೇ ಹೆಸರಿನ ಹಳ್ಳಿಗಳು ಬಹಳ ಇವೆ. ಗುಲ್ಬರ್ಗಾ ಕಲಬುರಗಿ ಆಗಿದ್ದು 2014ರ ನವೆಂಬರ್ 1ರಂದು, ಶೋರಾಪುರ ಅಂತಲೂ ಸುರಪುರ ಅಂತಲೂ ಬರೆಯುತ್ತಾರೆ, ಕಂಪ್ಯೂಟರಿಗೆ ಅವು ಎರಡು ಊರು. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಗೆ 579, ಯಾದಗಿರಿಗೆ 580 ಕೋಡ್. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿ ಬೇರೆ ಕೋಡ್ ಇರುತ್ತದೆ, ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದಿಟ್ಟುಕೊಳ್ಳಿ. ಸಿಕ್ಕಿಹಾಕಿಕೊಂಡರೆ ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಗಳ ಕಚೇರಿಗೆ ಹೋಗಿ, ‘ಜಿಲ್ಲಾ ಅಂಕಿ ಅಂಶಗಳ ನೋಟ’ದ ಹಳೆಯ ವರ್ಷದ ಪ್ರತಿಗಳನ್ನು ಕೇಳಿ ನೋಡಿ. ನಿಮ್ಮ ಪ್ರತಿ ಕೋಷ್ಟಕದ ಕೆಳಗೂ ಒಂದು ಸಾಲು ಬರೆಯಿರಿ: ಈ ಅಂಕಿ ಯಾವ ದಿನದ ಗಡಿಯದ್ದು, ಅದರಲ್ಲಿ ಯಾವ ಯಾವ ತಾಲ್ಲೂಕು ಸೇರಿವೆ.